ತೋಟೆಗಳ ಪಕ್ಕದಲ್ಲಿ ಉಬ್ಬಿದ ಹಿಟ್ಟು

ಫೋಲ್ತೆ ಒಗ್ರಿಸ್‌ಗೆ ಊರು ಕೊಟ್ಟ ಬಿರುದು ‘ಸಂಬಳಕ್ಕೆ ಢಂ ಅನ್ನಿಸೋನು’. ಅದರಲ್ಲಿ ಕುಹಕ ಎಷ್ಟು, ಮೆಚ್ಚುಗೆ ಎಷ್ಟು ಎಂದು ಅವನು ಯಾವತ್ತೂ ತೂಗಿ ನೋಡಿರಲಿಲ್ಲ. ತೂಗಿದರೆ ನಷ್ಟ ತನಗೇ ಎಂದು ಗೊತ್ತಿತ್ತು.

ದ್ರಾವಾ ನದಿಯ ಕಣಿವೆಯಲ್ಲಿ, ಕೋವಿ ಮಾಡುವವರ ಮನೆತನದಲ್ಲಿ ಹುಟ್ಟಿದವನು ಅವನು. ಅಜ್ಜ ನಳಿಗೆ ಕೊರೆಯುತ್ತಿದ್ದ, ಅಪ್ಪ ಕೋವಿಯ ಹಿಡಿಗೆ ಆಕ್ರೋಟಿನ ಮರ ಕೆತ್ತುತ್ತಿದ್ದ. ಹಾಗಾಗಿ ಫೋಲ್ತೆಯನ್ನೂ ಕೋವಿಶಾಲೆಗೆ ಹಾಕಿದರು. ಉಕ್ಕಿನ ಮೇಲೆ ಚಿತ್ತಾರ ಕೆತ್ತುವ ತರಗತಿಯಲ್ಲಿ ಅವನು ಬಹಳ ಶ್ರದ್ಧೆಯಿಂದ ಒಂದು ಜಿಂಕೆಯನ್ನು ಕೆತ್ತಿದ. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, “ಹಂದಿ ಚೆನ್ನಾಗಿ ಬಂದಿದೆ ಕಣಪ್ಪ” ಅಂದರು. ಕೈ ಚುರುಕಿಲ್ಲದವನಿಗೆ ಆ ಕಣಿವೆಯಲ್ಲಿ ಉಳಿದ ಕೆಲಸ ಒಂದೇ. ಬೇರೆಯವರು ಮಾಡಿದ್ದನ್ನು ಸಿಡಿಸಿ ನೋಡುವುದು.

ಹೀಗೆ ಅವನು ಕುಲ್ಟೆರರ್ ಎಂಬ ಇಂಜಿನಿಯರರ ಪರೀಕ್ಷಾ ಕೋಣೆಗೆ ಸೇರಿದ. ಸೈನ್ಯಗಳು ಯಾವುದೋ ಕಾಲದಲ್ಲಿ ಕೂಡಿಟ್ಟು, ಆಮೇಲೆ ಬೇಡವೆಂದು ಮಾರಿದ ತೋಟೆಗಳು ಅಲ್ಲಿಗೆ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಕೊಂಡವರಿಗೆ ಅವನ್ನು ಹಳೆಯ ಕೋವಿಯಲ್ಲಿ ಹಾರಿಸುವ ಆಸೆ. ಹಾರಿಸಿದರೆ ಗುಂಡು ಮುಂದಕ್ಕೆ ಹೋಗುತ್ತದೋ, ಕೋವಿಯೇ ಹಿಂದಕ್ಕೆ ಬರುತ್ತದೋ ಎಂದು ಹೇಳುವವರು ಬೇಕಲ್ಲ. ಫೋಲ್ತೆ ಮೊದಲು ಪ್ರತಿ ತೋಟೆಯ ಹಿತ್ತಾಳೆಯ ಕುತ್ತಿಗೆಯಲ್ಲಿ ಬಿರುಕು ಹುಡುಕುತ್ತಿದ್ದ. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಮದ್ದು ಸಡಿಲವಾಗಿದೆಯೋ ಗಟ್ಟಿಕಟ್ಟಿದೆಯೋ ಎಂದು ಕೇಳುತ್ತಿದ್ದ. ಒಂದೆರಡನ್ನು ಬಿಚ್ಚಿ ಮೂಸುತ್ತಿದ್ದ. ಕೆಟ್ಟ ಮದ್ದು ಹುಳಿಹುಳಿ ನಾರುತ್ತದೆ. ಆಮೇಲೆ ತೋಟೆಗಳು ಒಂದಿಡೀ ದಿನ ಬೀರುವಿನಲ್ಲಿ ಮಲಗಬೇಕು.

ಆ ಬೀರು ನೋಡಲು ಫ್ರಿಜ್ಜಿನಂತಿತ್ತು. ಒಳಗೆ ಬೇಸಿಗೆಯೋ ಚಳಿಗಾಲವೋ ಗೊತ್ತಾಗದಂತೆ ಸದಾ ಇಪ್ಪತ್ತೊಂದು ಡಿಗ್ರಿ. ಬಿಸಿಯಾದ ಮದ್ದು ರೇಗಿ ಉರಿಯುತ್ತದೆ, ತಣ್ಣಗಿನದು ಸೋಮಾರಿಯಾಗಿ ಉರಿಯುತ್ತದೆ; ಎಲ್ಲವನ್ನೂ ಒಂದೇ ಹದಕ್ಕೆ ತಂದು ಪರೀಕ್ಷಿಸದಿದ್ದರೆ ಅಳತೆಗೆ ಅರ್ಥವಿಲ್ಲ. ಕಡೆಗೆ, ಕಲ್ಲಿನ ಕಟ್ಟೆಗೆ ಬಿಗಿದ ದಪ್ಪ ನಳಿಗೆಯಲ್ಲಿ ತೋಟೆಯನ್ನಿಟ್ಟು, ಗೋಡೆಯ ಈಚೆ ಬಂದು ಹಗ್ಗ ಎಳೆಯುವುದು. ಪರದೆಯ ಮೇಲೆ ಒತ್ತಡದ ಗೆರೆ ಬೆಟ್ಟದ ಹಾಗೆ ಏಳುತ್ತಿತ್ತು. ಬೆಟ್ಟದ ತುದಿ ಕೆಂಪು ಗೆರೆಯ ಕೆಳಗಿದ್ದರೆ ಸರಿ, ಮೇಲಿದ್ದರೆ ಇಡೀ ಪೆಟ್ಟಿಗೆ ನಾಶಕ್ಕೆ. ಬೀರುವಿನ ಶಾಖ ಹೊಂದಿಸುವ ಗುಂಡಿಯ ಪಕ್ಕ ಕುಲ್ಟೆರರ್ ತಮ್ಮ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ‘ಈ ಗುಂಡಿಯನ್ನು ಯಾರೂ ತಿರುಗಿಸಬಾರದು.’

ಈಸ್ಟರ್ ಹಬ್ಬದ ಹಿಂದಿನ ಬುಧವಾರ, ಲೋಮ್ ಹಳ್ಳಿಯಿಂದ ನೇಜಾ ಒಂದು ಪೆಟ್ಟಿಗೆ ತೋಟೆ ತಂದಳು. ನೇಜಾ ಫೋಲ್ತೆಯ ಬೋತ್ರಾ. ಅಂದರೆ, ಅವನ ತಲೆಯ ಮೇಲೆ ಪಾದ್ರಿ ನೀರು ಸುರಿದ ದಿನ ಅವನನ್ನು ಎತ್ತಿ ಹಿಡಿದ ಜ್ಞಾನತಾಯಿ. ಆವತ್ತು ಎತ್ತಿಕೊಂಡಿದ್ದಕ್ಕೆ ಇವತ್ತಿಗೂ ಅವನನ್ನು ಬಯ್ಯುವ ಹಕ್ಕು ತನಗಿದೆ ಎಂದು ಅವಳ ನಂಬಿಕೆ. ಊರಿನ ಹಳೇ ಕೋವಿ ಕೂಟಕ್ಕೆ ಅವಳೇ ಯಜಮಾನಿ.

“ಇಳಿಸ್ಕೊಳೋ, ಸೊಂಟ ಹೋಯ್ತು” ಅಂದಳು.

ಪೆಟ್ಟಿಗೆಯೊಳಗಿನ ಕಾಗದದ ಡಬ್ಬಿಗಳನ್ನೆಲ್ಲ ಅವಳು ಮಗುಚಿ ಜೋಡಿಸಿದ್ದಳು. ಮೇಲ್ಗಡೆ ಅಚ್ಚಾಗಿದ್ದ, ಯುದ್ಧಕಾಲದಲ್ಲಿ ಕಣಿವೆಯನ್ನು ಆಳಿದ ಸೈನ್ಯದ ಹದ್ದಿನ ಮುದ್ರೆ ಅವಳ ಕಣ್ಣಿಗಾಗದು. ಆ ಹದ್ದಿನ ಕಾಲದಲ್ಲಿ ಅವಳ ಅಮ್ಮನನ್ನು ಮನೆಯಿಂದ ಎಬ್ಬಿಸಿ, ರೈಲು ಹತ್ತಿಸಿ ಗಡೀಪಾರು ಮಾಡಿದ್ದರು.

“ಇದನ್ನೇ ಹಾರಿಸ್ಬೇಕಾ ಬೋತ್ರಾ?”

“ಮತ್ತೆ? ಅವ್ರು ನಮಗಾಗಿ ಇಟ್ಟುಹೋದದ್ದು ಇದೊಂದೇ. ಹಲಗೆಗೆ ಹೊಡೆದು ಮುಗಿಸಿಬಿಡೋಣ.”

ಹಲಗೆಯ ಸುದ್ದಿಯನ್ನು ಇಲ್ಲಿ ಹೇಳಬೇಕು. ಲೋಮ್‌ನಲ್ಲಿ ಯಾರಿಗಾದರೂ ಮದುವೆಯೋ, ದೊಡ್ಡ ಹುಟ್ಟುಹಬ್ಬವೋ ಬಂದರೆ ಅವರು ದುಂಡನೆಯ ಮರದ ಹಲಗೆಯ ಮೇಲೆ ಚಿತ್ರ ಬರೆಸಿ ಕೂಟಕ್ಕೆ ಕೊಡುತ್ತಾರೆ. ಈಸ್ಟರಿನ ಮುಂದಿನ ಭಾನುವಾರ ಇಡೀ ಊರು ಅಜ್ಜಂದಿರ ಕೋವಿ ಹಿಡಿದು ಅದಕ್ಕೆ ಗುರಿಯಿಡುತ್ತದೆ. ತೂತುಬಿದ್ದ ಹಲಗೆ ಕೊಟ್ಟವರ ಮನೆಗೇ ವಾಪಸ್ಸು ಬಂದು, ಬಾಗಿಲ ಪಕ್ಕದ ಗೋಡೆಗೆ ಏರುತ್ತದೆ. ನಡುವಿಗೆ ಹತ್ತಿರ ಹೊಡೆದವರ ಹೆಸರನ್ನು ಅದರಲ್ಲೇ ಬರೆಯುತ್ತಾರೆ. ತೂತಿಲ್ಲದ ಹಲಗೆಯನ್ನು ಮಾತ್ರ ಯಾರೂ ಗೋಡೆಗೆ ಹಾಕುವುದಿಲ್ಲ. ಅದು ಯಾರೂ ಬಾರದ ಮದುವೆಯ ಚಪ್ಪರದಂತೆ.

ಈ ಸಲದ ಹಲಗೆ ನೇಜಾಳದು. ಅವಳಿಗೆ ಎಪ್ಪತ್ತು ತುಂಬಿತ್ತು. ಅವಳ ಮನೆ, ಅವಳ ಕಂದು ಹಸು, ಮೇಲೆ ಮೋಡದ ನಡುವೆ ತೀರಿಹೋದ ಗಂಡ ಯೂರಿಯ ಹಸಿರು ಟೋಪಿ. ಮುಖ ಬರೆಯಲು ಚಿತ್ರಗಾರ ಹೆಚ್ಚು ದುಡ್ಡು ಕೇಳಿದನಂತೆ.

ಆದರೆ ಹೋದ ವರ್ಷ, ಪರೀಕ್ಷೆ ಮಾಡಿಸದ ಬೇರೆ ಯಾವುದೋ ತೋಟೆಗಳು ಲೋಮ್‌ನವರಿಗೆ ಚೆನ್ನಾಗಿ ಬುದ್ಧಿ ಕಲಿಸಿದ್ದವು. ಒಂದೊಂದು ಹೊಡೆತಕ್ಕೂ ಕೋವಿಯ ಹಿಂಬದಿ ಮುಚ್ಚುವ ಬೋಲ್ಟ್ ಕಚ್ಚಿಕೊಂಡು, ಮರದ ಕೊಡತಿಯಿಂದ ಬಡಿದು ತೆಗೆಯಬೇಕಾಗಿತ್ತು. ಬೇಕರಿಯ ಪಾವ್ಲಾಳ ಕೆನ್ನೆಗೆ ಬಿಸಿ ಗಾಳಿ ಉಗಿದು ತಿಂಗಳುಗಟ್ಟಲೆ ಕಲೆ ಉಳಿದಿತ್ತು. ಈ ಸಲ ವಿಮೆಯವರು ಖಡಾಖಂಡಿತವಾಗಿ ಹೇಳಿದ್ದರು: ಪರೀಕ್ಷೆಯಲ್ಲಿ ಪಾಸಾದ ತೋಟೆ ಇದ್ದರೆ ಹಬ್ಬ, ಇಲ್ಲದಿದ್ದರೆ ಇಲ್ಲ. ಆ ಹಳೇ ಕೋವಿಗಳಿಗೆ ಬೇರೆ ತೋಟೆ ಹೊಂದುವುದೂ ಇಲ್ಲ. ಕಣಿವೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಇದೊಂದೇ ಪೆಟ್ಟಿಗೆ.

“ಪಾಸು ಮಾಡ್ಸು ಮಗನೇ” ಅಂದಳು ನೇಜಾ.

“ನಾನು ಮಾಡ್ಸೋದಲ್ಲ ಬೋತ್ರಾ, ಅವೇ ಆಗ್ಬೇಕು.”

“ಶಾಲೇಲೂ ಇದನ್ನೇ ಹೇಳ್ತಿದ್ದೆ.”

ಅವನು ತೋಟೆಗಳನ್ನು ಬೀರುವಿನಲ್ಲಿ ಮಲಗಿಸಿದ. ಮರುದಿನ, ಪವಿತ್ರ ಗುರುವಾರ, ಬೆಳಿಗ್ಗೆಯೇ ನೇಜಾ ಮತ್ತೆ ಪರೀಕ್ಷಾ ಕೋಣೆಗೆ ಹಾಜರಾದಳು. ಕೈಯಲ್ಲಿ ದೊಡ್ಡ ಮಣ್ಣಿನ ಪಾತ್ರೆ, ಅದರ ಮೇಲೆ ಕಸೂತಿ ಬಟ್ಟೆ. ಈಸ್ಟರಿಗೆ ಬೋತ್ರಾ ಆದವಳು ಮಗನಿಗೆ ಶಾರ್ಟೆಲ್ ಕೊಡಲೇಬೇಕು. ದಾಲ್ಚಿನ್ನಿ, ಸಕ್ಕರೆ, ಒಣದ್ರಾಕ್ಷಿ ಸುತ್ತಿಟ್ಟ ದುಂಡನೆಯ ಸಿಹಿ ರೊಟ್ಟಿ ಅದು. ಅವಳ ಒಲೆ ಬಿರುಕು ಬಿಟ್ಟಿದ್ದರಿಂದ, ಬೇಯಿಸುವುದು ಫೋಲ್ತೆಯ ಬಾಡಿಗೆ ಕೋಣೆಯಲ್ಲೇ ಎಂದು ತೀರ್ಮಾನವಾಗಿತ್ತು; ಅವಳು ಅಲ್ಲಿಂದಲೇ ಬಂದಿದ್ದಳು.

“ನಿನ್ನ ಕೋಣೆಲಿ ಹಿಟ್ಟು ಉಬ್ಬೋದಿರ್ಲಿ, ನಾನೇ ಮುದುಡಿಹೋದೆ. ಹೀಟರ್ ಹಾಕಲ್ವೇನೋ ನೀನು?”

“ಮಾರ್ಚ್ ಆದ್ಮೇಲೆ ಹಾಕಲ್ಲ ಬೋತ್ರಾ. ಸಿದ್ಧಾಂತ.”

“ಸಿದ್ಧಾಂತ ಅಲ್ಲ, ಜಿಪುಣತನ. ಎಲ್ಲಾದ್ರೂ ಗಾಳಿ ಬಡಿಯದ ಜಾಗ ಇದ್ರೆ ಹೇಳು.”

ಗಾಳಿ ಬಡಿಯದ ಜಾಗ ಫೋಲ್ತೆಗೆ ಗೊತ್ತಿದ್ದದ್ದು ಒಂದೇ, ಆ ಬೀರು. ತೋಟೆಗಳಿದ್ದ ತಟ್ಟೆಯ ಕೆಳಗಿನ ಅಂತಸ್ತಿನಲ್ಲಿ ಪಾತ್ರೆಯನ್ನಿಟ್ಟು ಬಾಗಿಲು ಮುಚ್ಚಿದ. ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಹಿಟ್ಟಿಗೂ ತೋಟೆಗೂ ಏನು ಜಗಳ? ಕಸೂತಿ ಬಟ್ಟೆಯ ಅಂಚು ಬಾಗಿಲ ಸಂದಿಯಿಂದ ಹೊರಗೆ ಬಂದು, ಡಿಗ್ರಿ ತೋರಿಸುವ ಪುಟ್ಟ ಕಿಟಕಿಯ ಮೇಲೆ ಜೋತುಬಿದ್ದಿತು. ನೋಡಲು ಚೆನ್ನಾಗಿಯೇ ಇತ್ತು.

ಮಧ್ಯಾಹ್ನದ ಊಟಕ್ಕೆ ಮೊದಲು ಅವನು ಪರೀಕ್ಷೆ ಶುರುಮಾಡಿದ. ತೋಟೆ ತೆಗೆಯಲು ಬಾಗಿಲು ತೆರೆದರೆ ಹಿಟ್ಟು ಬಟ್ಟೆಯನ್ನು ಎತ್ತಿಕೊಂಡು ನಿಂತಿದೆ! ‘ಭೇಷ್’ ಎಂದುಕೊಂಡ. ವರದಿಯಲ್ಲಿ ಡಿಗ್ರಿಯ ಜಾಗದಲ್ಲಿ ಇಪ್ಪತ್ತೊಂದು ಎಂದು ಬರೆದ. ಬಟ್ಟೆ ಸರಿಸಿ ನೋಡಲಿಲ್ಲ. ಅಲ್ಲಿ ಇಪ್ಪತ್ತೊಂದಲ್ಲದೆ ಬೇರೇನಿರುತ್ತದೆ?

ಪ್ರತಿ ತೋಟೆಯನ್ನೂ ಮೂತಿ ಮೇಲಾಗಿ ಎತ್ತಿ, ಒಳಗಿನ ಮದ್ದು ತಳಕ್ಕೆ ಸರಿದ ಮೇಲೆ ತೊಟ್ಟಿಲಿಗೆ ಕೂಸನ್ನು ಇಳಿಸುವ ಹಾಗೆ ನಳಿಗೆಗೆ ಇಳಿಸಿದ. ಈಚೆ ಬಂದ. ಹಗ್ಗ ಎಳೆದ. ಗೆರೆ ಬೆಟ್ಟದಂತೆ ಎದ್ದು, ಕೆಂಪು ಗೆರೆಯನ್ನು ದಾಟಿ ಇಣುಕಿತು. ಎರಡನೆಯದೂ ದಾಟಿತು. ಮೂರನೆಯದು ಗೆರೆಯ ಮೇಲೇ ಕುಳಿತಿತು. ಅವನು ನಳಿಗೆ ಒರೆಸಿದ, ತಂತಿ ನೋಡಿದ, ತನ್ನ ಕನ್ನಡಕವನ್ನೂ ಒರೆಸಿದ. ಬೆಟ್ಟಗಳು ತಗ್ಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ನೇಜಾಗೆ ಹೇಳಬೇಕಾದವನೂ ಅವನೇ.

“ಹೆಚ್ಚೇನಲ್ಲ ಬೋತ್ರಾ, ಸ್ವಲ್ಪ ಮೇಲಿದೆ.”

“ಸ್ವಲ್ಪ ಮೇಲಿದ್ರೆ ಸ್ವಲ್ಪ ಪಾಸ್ ಮಾಡಕ್ಕಾಗಲ್ವೇನೋ?”

“ಆಗಲ್ಲ. ಪಾವ್ಲಾ ಕೆನ್ನೆ ನೆನಪಿದೆಯಲ್ಲ.”

ಅವಳು ಬಯ್ಯುತ್ತಾಳೆ ಎಂದು ಅವನು ಹೆಗಲು ಕುಗ್ಗಿಸಿ ನಿಂತ. ಅವಳು ಬಯ್ಯಲಿಲ್ಲ. ಮಂಡಿಯ ಮೇಲಿನ ಹಿಟ್ಟಿನ ಪುಡಿಯನ್ನು ಕೊಡವಿಕೊಂಡಳು.

“ಆಯ್ತು ಬಿಡು. ಹಲಗೇನ ದನದ ಕೊಟ್ಟಿಗೆಗೆ ಹಾಕ್ತೀನಿ. ಹಸುವಾದ್ರೂ ತನ್ನ ಚಿತ್ರ ನೋಡ್ಕೊಳ್ಲಿ.” ಬೆಂಚಿನಿಂದ ಏಳುತ್ತ, “ಎಪ್ಪತ್ತು ವರ್ಷ ಬದುಕಿದ್ದಕ್ಕೆ ಒಂದು ತೂತಾದ್ರೂ ಬೇಡ್ವಾ” ಅಂದಳು. ಅದನ್ನು ಫೋಲ್ತೆಗೆ ಹೇಳಿದಂತಿರಲಿಲ್ಲ.

ಪೆಟ್ಟಿಗೆಯನ್ನು ಹಬ್ಬದ ನಂತರ ನಾಶಮಾಡಲೆಂದು ಉಗ್ರಾಣಕ್ಕೆ ಸೇರಿಸಿದ. ಹಿಟ್ಟು ಮಾತ್ರ ಯಾವ ಚಿಂತೆಯೂ ಇಲ್ಲದೆ ಬೆಂದು, ಹೊಂಬಣ್ಣಕ್ಕೆ ತಿರುಗಿತು.

ಶನಿವಾರ ಲೋಮ್‌ನ ಹೆಂಗಸರೆಲ್ಲ ಬುಟ್ಟಿಗಳನ್ನು ಚರ್ಚಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬಂದರು. ನೇಜಾಳ ಮೇಜಿನ ಮೇಲೆ ಹಂದಿಯ ತೊಡೆಮಾಂಸ, ಬಣ್ಣದ ಮೊಟ್ಟೆ, ಕಣ್ಣಲ್ಲಿ ನೀರು ತರಿಸುವ ತುರಿದ ಖಾರಬೇರು, ನಡುವೆ ಶಾರ್ಟೆಲ್. ಫೋಲ್ತೆ ಮಾಂಸವನ್ನು ಸಿಹಿ ರೊಟ್ಟಿಯ ಮೇಲಿಟ್ಟು ಬಾಯಿಗಿಡುತ್ತಿದ್ದ. ಗೋಡೆಗೆ ಬೆನ್ನು ಹಾಕಿ ನಿಲ್ಲಿಸಿದ್ದ ಹಲಗೆಯ ಕಡೆ ಅವನು ಕಣ್ಣೆತ್ತಲಿಲ್ಲ.

ಬೇಕರಿಯ ಪಾವ್ಲಾ ಒಂದು ಚೂರು ಮುರಿದು ಒತ್ತಿ ನೋಡಿದಳು. ಅದು ಹತ್ತಿಯ ಹಾಗೆ ಮತ್ತೆ ಮೇಲೆದ್ದಿತು.

“ನೇಜಾ, ನಿಜ ಹೇಳು. ಯಾರ ಕೈಲಿ ಮಾಡ್ಸಿದ್ದು? ನಿನ್ನ ಶಾರ್ಟೆಲ್‌ನ ಬಾಗಿಲಿಗೆ ಅಡ್ಡ ಇಡಬಹುದಿತ್ತು, ಹೋದ ವರ್ಷದವರೆಗೂ.”

“ಬಾಯಿ ಮುಚ್ಚೇ. ಫೋಲ್ತೆ ಹತ್ರ ಒಂದು ಬೀರು ಇದೆ. ಒಂದು ಗಂಟೆಲಿ ಹೀಗೆ ಉಬ್ಬಿಸಿಕೊಡ್ತು.”

“ಎಷ್ಟು ಬಿಸಿ ಇತ್ತು?”

“ಇಪ್ಪತ್ತೊಂದು” ಅಂದ ಫೋಲ್ತೆ, ಬಾಯಿತುಂಬ.

ಪಾವ್ಲಾ ನಕ್ಕಳು. “ಇಷ್ಟು ಬೆಣ್ಣೆ, ಇಷ್ಟು ಮೊಟ್ಟೆ ಹಾಕಿದ ಹಿಟ್ಟು ಇಪ್ಪತ್ತೊಂದರಲ್ಲಿ ಒಂದು ಗಂಟೆಗೆ ಉಬ್ಬತ್ತಾ? ನಮ್ಮಪ್ಪ ಸತ್ತು ಎದ್ದುಬಂದ ಹಾಗಾಯ್ತು. ಮೂವತ್ತೈದಾದ್ರೂ ಬೇಕಪ್ಪ ಇದಕ್ಕೆ.”

ಖಾರಬೇರು ಮೂಗಿಗೆ ಹತ್ತಿದ್ದಕ್ಕೋ ಏನೋ, ಫೋಲ್ತೆಯ ಕಣ್ಣಲ್ಲಿ ನೀರು ಬಂತು. ಅವನು ಎದ್ದುನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

“ಎಲ್ಲಿಗೋ? ಮೊಟ್ಟೆ ಒಡೆದೇ ಇಲ್ಲ ಇನ್ನೂ!”

“ಫೋನ್ ಮಾಡ್ಬೇಕು ಬೋತ್ರಾ.”

ಕೊಟ್ಟಿಗೆಯ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಕಂದು ಹಸು ಅವನನ್ನೇ ನೋಡುತ್ತಿತ್ತು. ಹೇಳಿದರೆ, ನೋಡದೆಯೇ ಇಪ್ಪತ್ತೊಂದು ಬರೆದ ಅವನ ಹುಳುಕೂ ಹೊರಬೀಳುತ್ತದೆ. ಹಂದಿಯಂಥ ಜಿಂಕೆ ಕೆತ್ತಿದವನಿಗೆ ಮಾನ ಅಂತ ಉಳಿದಿದ್ದು ಈ ಒಂದು ಕೆಲಸದಲ್ಲಿ. ಬೆರಳು ಫೋನಿನ ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಒತ್ತಿತು.

“ಇಂಜಿನಿಯರ್ರೇ, ಹಬ್ಬದ ಶುಭಾಶಯ. ಗುರುವಾರ ಬೀರು ಎಷ್ಟು ಡಿಗ್ರಿ ಇತ್ತು ಅಂತ ನಾನು ನೋಡ್ದೇ ಬರ್ದುಬಿಟ್ಟೆ. ಯಾರಾದ್ರೂ ಗುಂಡಿ ಮುಟ್ಟಿರ್ಬಹುದಾ?”

ಆ ಕಡೆ ಚಮಚ ತಟ್ಟೆಗೆ ತಾಗಿದ ಸದ್ದು.

“ಇಂಜಿನಿಯರ್ರೇ?”

“ಹಿಟ್ಟು ನಡುಗ್ತಿತ್ತು ಫೋಲ್ತೆ” ಅಂದರು ಕುಲ್ಟೆರರ್, ಬಹಳ ಮೆತ್ತಗೆ. “ಬಾಗಿಲು ತೆಗೆದು ನೋಡಿದೆ. ಹಬ್ಬದ ಹಿಟ್ಟು, ಪಾಪ, ತಣ್ಣಗೆ ಕಲ್ಲಿನ ಹಾಗೆ ಕೂತಿತ್ತು. ನಮ್ಮಮ್ಮ ಇದ್ದಿದ್ರೆ ನನ್ನ ಕಿವಿ ಹಿಂಡಿರೋಳು. ಅದಕ್ಕೇ ಒಂದು ಚೂರು ತಿರುಗಿಸ್ದೆ.”

“ಮೇಲ್ಗಡೆ ತೋಟೆ ಇತ್ತಲ್ಲ!”

“ಹಿಟ್ಟು ನೋಡಿದವನು ಬೇರೇನಾದ್ರೂ ನೋಡ್ತಾನೇನಯ್ಯ, ಪವಿತ್ರ ವಾರದಲ್ಲಿ? ಆಮೇಲೆ ಮರೆತೂಬಿಟ್ಟೆ.”

ಹೊರಗಿನವರಿಗೆ ನಗು ಬರಬಹುದು. ಆದರೆ ಆ ಕಣಿವೆಯಲ್ಲಿ ಹಬ್ಬದ ಹಿಟ್ಟು ಚಳಿಯಲ್ಲಿ ಕೂತಿದ್ದನ್ನು ಕಂಡೂ ಕಾಣದಂತೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ. ಗುಂಡಿ ಮುಟ್ಟಬಾರದೆಂದು ಬರೆದವರೇ ಆಗಿದ್ದರೂ ಅಷ್ಟೇ.

ಫೋಲ್ತೆ ಒಳಗೆ ಬಂದು ವಿಷಯ ಹೇಳಿದ. ಪಾವ್ಲಾ ಮೇಜು ಗುದ್ದಿ ಗುದ್ದಿ ನಕ್ಕಳು. ನೇಜಾ ನಗಲಿಲ್ಲ.

“ಅಂದ್ರೆ, ನನ್ನ ಶಾರ್ಟೆಲ್ಲೇ ನನ್ನ ಹಬ್ಬ ತಿಂದುಹಾಕ್ತು ಅಂತೀಯಾ?”

“ಅದಿನ್ನೂ ಗೊತ್ತಿಲ್ಲ ಬೋತ್ರಾ. ಸರಿಯಾದ ಡಿಗ್ರಿಯಲ್ಲೂ ದಾಟಬಹುದು. ಆಗ ನಾನೇ ನಿಂತು ನಾಶಮಾಡಿಸ್ಬೇಕು. ಆಸೆ ಇಟ್ಕೋಬೇಡ.”

“ಎಪ್ಪತ್ತರಲ್ಲಿ ಇಟ್ಕೊಳ್ಳೋಕೆ ಇನ್ನೇನೋ ಇದೆ?” ಎಂದು ಅವಳು ಅವನ ತಟ್ಟೆಗೆ ಇನ್ನೊಂದು ಚೂರು ಹಾಕಿದಳು.

ಹಬ್ಬ ಕಳೆದ ಮಂಗಳವಾರ ಫೋಲ್ತೆ, ನೇಜಾ, ಕುಲ್ಟೆರರ್ ಮೂವರೂ ಪರೀಕ್ಷಾ ಕೋಣೆಯಲ್ಲಿದ್ದರು. ಬೇರೆ ಡಬ್ಬಿಗಳಿಂದ ಆರಿಸಿದ ತೋಟೆಗಳನ್ನು ಹಿಂದಿನ ದಿನವೇ ಬೀರುವಿಗಿಟ್ಟಾಗಿತ್ತು. ಕುಲ್ಟೆರರ್ ಗುಂಡಿಗೆ ತಾವೇ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ತಮ್ಮಿಂದಲೇ ಅದನ್ನು ಕಾಯುತ್ತಿದ್ದರು. ನೇಜಾ ದಪ್ಪ ಗಾಜಿನ ಈಚೆ ಜಪಮಾಲೆ ಹಿಡಿದು ನಿಂತಳು.

ಮೊದಲನೆಯದು. ಗೆರೆ ಎದ್ದು, ಕೆಂಪಿನ ಕೆಳಗೇ ತಿರುಗಿ ಇಳಿಯಿತು. ಎರಡನೆಯದೂ ಹಾಗೇ. ಆಮೇಲಿನದು ಇನ್ನೂ ಕೆಳಗೆ. ಕುಲ್ಟೆರರ್ ಬಾಯಿ ತೆರೆಯಲು ಹೋದರು. ಫೋಲ್ತೆ ಕೈಯೆತ್ತಿ ಸುಮ್ಮನಾಗಿಸಿದ. ತನ್ನ ಯಜಮಾನರಿಗೆ ಹಾಗೆ ಕೈಯೆತ್ತಿದ್ದು ಅವನಿಗೆ ಗೊತ್ತಾದದ್ದು ಆಮೇಲೆ.

ಕೊನೆಗೆ ಹತ್ತಿರವಾದಾಗ ಒಂದು ತೋಟೆ ‘ಟಕ್’ ಅಂದಿತು. ಅಷ್ಟೇ. ಢಂ ಬರಲಿಲ್ಲ.

ಯಾರೂ ಅಲ್ಲಾಡಲಿಲ್ಲ. ಮದ್ದಿಗೆ ಬೆಂಕಿ ಕೊಡುವ ಕೇಪಿನ ಕಿಡಿ ಒಳಗೆಲ್ಲೋ ಹೊಗೆಯಾಡುತ್ತಿದ್ದರೆ, ನಳಿಗೆಯ ಹಿಂಬಾಗಿಲು ತೆರೆಯುವ ಹೊತ್ತಿಗೇ ಸಿಡಿಯಬಹುದು. ಹಾಗೆ ತಡವಾಗಿ ಸಿಡಿದರೆ ಪೆಟ್ಟಿಗೆಯ ಕಥೆಯೂ ಮುಗಿದಂತೆ. ಇಂಥ ಹೊತ್ತಿನಲ್ಲಿ ಎಷ್ಟು ಕಾಯಬೇಕೆಂದು ಲೋಮ್‌ನವರಿಗೆ ಗಡಿಯಾರ ಬೇಕಿಲ್ಲ, ಮೂರು ಜಪದಷ್ಟು ಹೊತ್ತು. ನೇಜಾ ಶುರುಮಾಡಿದಳು: “ನಮೋ ಮರಿಯೇ, ವರಪ್ರಸಾದ ಪೂರ್ಣೇ...” ಅವಸರವಿಲ್ಲದೆ, ಒಂದು ಮಾತನ್ನೂ ನುಂಗದೆ ಮುಗಿಸಿ ಮತ್ತೆ ಮೊದಲಿಂದ ಹೇಳಿದಳು. ವರ್ಷಗಳಿಂದ ಚರ್ಚಿನ ಮೆಟ್ಟಿಲು ಹತ್ತದ ಕುಲ್ಟೆರರ್ ಅವರ ತುಟಿಗಳೂ ಅಲ್ಲಾಡುತ್ತಿದ್ದವು. ಮೂರನೆಯ ಸಲದ ‘ಆಮೆನ್’ ಆದಮೇಲೆ, ರೂಢಿಯಲ್ಲಿಲ್ಲದ ನಾಲ್ಕನೆಯದನ್ನು ಫೋಲ್ತೆ ಒಬ್ಬನೇ ಮನಸ್ಸಿನಲ್ಲಿ ಹೇಳಿಕೊಂಡ.

ನಳಿಗೆ ಸುಮ್ಮನಿತ್ತು. ಅವನು ಒಳಗೆ ಹೋಗಿ, ಮುಖ ಪಕ್ಕಕ್ಕಿಟ್ಟು ನಳಿಗೆಯ ಹಿಂಬಾಗಿಲು ತೆರೆದ. ತೋಟೆ ತಣ್ಣಗೆ ಅಂಗೈಗೆ ಬಂತು.

“ಸತ್ತಿದೆ” ಅಂದ. “ಕೇಪು ಸತ್ತಿದೆ, ಅಷ್ಟೇ. ಒಂದು ಸತ್ತರೆ ಪರವಾಗಿಲ್ಲ.”

ಉಳಿದವೂ ಗೆರೆಯ ಕೆಳಗೇ ನಿಂತವು. ಪೆಟ್ಟಿಗೆ ಪಾಸು. ಅದನ್ನು ಹೇಳಬೇಕಾದ ಫೋಲ್ತೆ ಹೇಳಿದ್ದು ಮಾತ್ರ ಬೇರೆಯೇ: “ಕುತ್ತಿಗೆ ಬಿರುಕು ಬಿಟ್ಟಿದ್ದನ್ನೆಲ್ಲ ಆರಿಸಿ ತೆಗೀಬೇಕು ಬೋತ್ರಾ. ಮೂರರಲ್ಲೊಂದು ಪಾಲು ಹೋಗ್ಬಹುದು.”

“ಹೋಗ್ಲಿ. ಎಲ್ರೂ ಸ್ವಲ್ಪ ಕಡಿಮೆ ಹೊಡೀತಾರೆ, ಸ್ವಲ್ಪ ಜಾಸ್ತಿ ಗುರಿ ಇಡ್ತಾರೆ.” ನೇಜಾ ಕನ್ನಡಕ ಏರಿಸಿ ಮೇಜಿಗೆ ಕೂತಳು. ಕುಲ್ಟೆರರ್ ಭೂತಗನ್ನಡಿ ಹಿಡಿದು ಅವಳ ಎದುರು ಕೂತರು.

“ನೀವು ಕೂತ್ಕೊಳ್ಳಿ ಇಂಜಿನಿಯರ್ರೇ, ಆದ್ರೆ ಏನನ್ನೂ ತಿರುಗಿಸ್ಬೇಡಿ” ಅಂದಳು ಅವಳು.

ಭಾನುವಾರ ಲೋಮ್‌ನ ಹಿಂದಿನ ಹುಲ್ಲುಗಾವಲಿನಲ್ಲಿ, ಬೆಟ್ಟದ ಬುಡಕ್ಕೆ ಹಲಗೆ ನಿಂತಿತು. ಹೋದ ವರ್ಷದ ಮರದ ಕೊಡತಿಯನ್ನು ಯಾರೋ ಅಭ್ಯಾಸಬಲದಿಂದ ತಂದು ಮೇಜಿನ ಮೇಲಿಟ್ಟಿದ್ದರು. ಗುರಿಯಿಡಲು ಮೊದಲು ಹುಲ್ಲಿನ ಮೇಲೆ ಮಲಗಿದವಳು ಪಾವ್ಲಾ. ಹೊಡೆದಳು. ಎಲ್ಲರ ಕಣ್ಣು ಹಲಗೆಯ ಮೇಲಿದ್ದರೆ ಫೋಲ್ತೆಯ ಕಣ್ಣು ಅವಳ ಕೈಯ ಮೇಲೆ. ಬೋಲ್ಟ್ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಹಿಂದಕ್ಕೆ ಬಂತು. ಖಾಲಿ ಹಿತ್ತಾಳೆ ಹುಲ್ಲಿಗೆ ಹಾರಿತು. ಅವಳು ತಿರುಗಿ ತನ್ನ ಕೆನ್ನೆಯನ್ನು ಅವನಿಗೆ ತೋರಿಸಿದಳು.

“ನೋಡ್ಕೋ, ಹಾಗೇ ಇದೆ. ಮುತ್ತು ಕೊಡೋದಾದ್ರೆ ಕೊಡು.”

“ನಿನ್ನ ಗಂಡನ ಕೋವಿಲೂ ಗುಂಡಿದೆ, ಬೇಡ” ಅಂದ ಫೋಲ್ತೆ.

ಕೊಡತಿ ಮೇಜಿನ ಮೇಲೆ ಬಿಸಿಲು ಕಾಯುತ್ತ ಬಿದ್ದುಕೊಂಡಿತ್ತು.

ಫೋಲ್ತೆಯ ಸರದಿ ಬಂದಾಗ ಊರವರು ಹಸುವನ್ನು ಮನೆಯೊಳಗೆ ಕಟ್ಟಲು ಸಲಹೆ ಕೊಟ್ಟರು. ಅವನ ಮೊದಲೆರಡು ಗುಂಡು ಎಲ್ಲಿ ಹೋದವೆಂದು ಬೆಟ್ಟಕ್ಕೇ ಗೊತ್ತು. ಮೂರನೆಯದು ಯೂರಿಯ ಹಸಿರು ಟೋಪಿಯ ನೆತ್ತಿಯನ್ನು ತೂತುಮಾಡಿತು.

ನೇಜಾ ಹಲಗೆಯ ಹತ್ತಿರ ಹೋಗಿ ಆ ತೂತಿನಲ್ಲಿ ಬೆರಳಿಟ್ಟು ನೋಡಿದಳು. “ನಲವತ್ತು ವರ್ಷ ಹೇಳ್ದೆ, ಊಟಕ್ಕೆ ಕೂತಾಗ ಟೋಪಿ ತೆಗಿ ಮನುಷ್ಯನೇ ಅಂತ. ಈಗ ತೆಗೆದ್ನೋ ಇಲ್ವೋ!” ಅಂದಳು. ನಗುತ್ತಲೇ ಮೂಗು ಒರೆಸಿಕೊಂಡಳು.

ನಡುವಿಗೆ ಹತ್ತಿರ ಹೊಡೆದವಳು ಪಾವ್ಲಾ; ಅವಳ ಹೆಸರು ಹಸುವಿನ ಹೊಟ್ಟೆಯ ಕೆಳಗೆ ಏರಿತು. ಸಂಜೆಗೆ ಮುಂಚೆ ಎಲ್ಲರೂ ನೇಜಾಳ ಅಂಗಳದಲ್ಲಿ ಸೇರಿದರು. ಹಲಗೆಯನ್ನು ಬಾಗಿಲ ಪಕ್ಕಕ್ಕೆ ಎತ್ತಿ ಹಿಡಿದವರು ಕುಲ್ಟೆರರ್. ಸುತ್ತಿಗೆ ಸಿಗಲಿಲ್ಲ. ನೇಜಾ ಆ ಕೊಡತಿಯನ್ನೇ ತಂದು ಫೋಲ್ತೆಯ ಕೈಗಿತ್ತಳು.

“ಹೊಡಿ ಮಗನೇ. ಇವತ್ತು ಇದಕ್ಕೆ ಬೇರೆ ಕೆಲ್ಸ ಇಲ್ಲ.”

ಅವನು ಹೊಡೆದ. ಮೊದಲ ಏಟು ಮೊಳೆಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ. ಅಂಗಳವೆಲ್ಲ ಹೋ ಎಂದಿತು. ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅವನು ಮೂರನೆಯ ಏಟು ಹಾಕಿದ. ಹಲಗೆ ಸ್ವಲ್ಪ ಓರೆಯಾಗಿಯೇ ನಿಂತಿತು. ಸರಿಮಾಡಲು ಹೋದ ಇಂಜಿನಿಯರರ ಕೈಯನ್ನು ನೇಜಾ ಪಟ್ಟನೆ ಹಿಡಿದಳು.

“ಮುಟ್ಬೇಡಿ” ಅಂದಳು. “ಇರೋ ಹಾಗೇ ಇರ್ಲಿ.”